ಎರಡು ಗದ್ದುಗೆ, ಒಂದೇ ಕಾಲ

ಮೊದಲೇ ಕ್ಷಮೆ ಕೇಳುತ್ತೇನೆ. ಸಂಜೆ ತರಗತಿಯಲ್ಲಿ ಓದಿದ ನನಗೆ ಈಜಿಪ್ಟಿನ ರಾಜವಂಶಗಳ ಕಥೆ ಹೇಳುವ ಅರ್ಹತೆ ಇಲ್ಲ. ಆದರೂ ವಸುಮತಿಯನ್ನು ನೆನೆದರೆ ಸುಮ್ಮನಿರಲು ಆಗುವುದಿಲ್ಲ...

೧೯೭೪, ಕಾಶಿ. ಬಂಗಾಲಿ ಟೋಲಾದ ಟೈಪಿಂಗ್ ಅಂಗಡಿ.

"ನಿಮ್ಮ ಲೆಕ್ಕ ತಪ್ಪು!"

ಜಯದೇವ ಬೆಚ್ಚಿದ. ಗದಗಿನಿಂದ ಸಂಶೋಧನೆಗೆ ಬಂದವನ ಈಜಿಪ್ಟಿನ ಪ್ರಬಂಧದಲ್ಲಿ ಟೈಪಿಸ್ಟ್ ವಸುಮತಿ ತಪ್ಪು ಹುಡುಕುವುದೇ?

"ಉತ್ತರದ ರಾಜರು, ದಕ್ಷಿಣದ ರಾಜರು... ಎಲ್ಲರ ವರ್ಷಗಳನ್ನೂ ಒಬ್ಬರಾದ ಮೇಲೆ ಒಬ್ಬರು ಅಂತ ಯಾಕ್ರೀ ಕೂಡಿಸಿದ್ದೀರಿ?"

"ನಮ್ಮ ಮಾರ್ಗದರ್ಶಕರು ಹಾಗೇ ಕೂಡಿಸೋದು."

"ಅರೇ, ನಮ್ಮ ಮಠ ನೋಡಿ! ಹಿರಿಯ ಸ್ವಾಮಿಗಳು ಇರೋವಾಗಲೇ ಕಿರಿಯರಿಗೆ ಪಟ್ಟ ಆಯ್ತು. ಹದಿನಾಲ್ಕು ವರ್ಷ ಇಬ್ಬರೂ ಒಟ್ಟಿಗೇ ಗದ್ದುಗೆಯಲ್ಲಿದ್ದರು. ಅಪ್ಪಾಜಿ ಇಬ್ಬರ ವರ್ಷಗಳನ್ನೂ ಕೂಡಿಸಿ, ಫಲಕದಲ್ಲಿ ಮಠಕ್ಕೆ ಹದಿನಾಲ್ಕು ವರ್ಷ ಹೆಚ್ಚಿಗೆ ವಯಸ್ಸು ಬರೆಸಿಬಿಟ್ಟರು!"

ಅವಳ ತಂದೆ ಗುರುಶಾಂತಯ್ಯ ಮಠದ ಕಾರಕೂನ.

ಜಯದೇವ ನಗಲಿಲ್ಲ. ಅಂದಿನಿಂದ ದಿನವೂ ಬಂದ. ಎರಡು ವಂಶಗಳು ಒಂದೇ ಕಾಲದಲ್ಲಿ ಆಳಿರಬಹುದು ಎಂದು ಹೊಸ ಅಧ್ಯಾಯವನ್ನೇ ಬರೆದ. ಅವನ ಹೆಜ್ಜೆ ಸಪ್ಪಳಕ್ಕೆ ವಸುಮತಿಯ ಬೆರಳು ತಡವರಿಸತೊಡಗಿತು.

ಆದರೆ ಒಂದು ದಿನ ಅವನು ಹಳೆಯ ಲೆಕ್ಕದ ಪಟ್ಟಿಯನ್ನೇ ತಂದಿಟ್ಟ.

"ಇದನ್ನೇ ಟೈಪ್ ಮಾಡಿ. ಮಾರ್ಗದರ್ಶಕರು ಹೊಸ ಅಧ್ಯಾಯ ಒಪ್ಪಲಿಲ್ಲ. ಇಟ್ಟರೆ ಡಿಗ್ರಿ ಇಲ್ಲವಂತೆ."

ವಸುಮತಿಗೆ ಚುಚ್ಚಿತು: ನನ್ನ ಮಾತಿಗೆ ಇಷ್ಟೇ ಬೆಲೆಯೇ...?

"ಮಾಡಲ್ಲ! ಟೈಪಿಸ್ಟ್ ಹೇಳಿದ್ದು ಅಂತ ನಾಚಿಕೆಯೇನ್ರೀ?"

ಅವನು ಜೋಳಿಗೆಯಿಂದ ಹಾಳೆಯೊಂದನ್ನು ತೆಗೆದ. ಅಡಿಟಿಪ್ಪಣಿಯಲ್ಲಿ ಅವಳ ಹೆಸರು. ಅದರ ಮೇಲೆ ಕೆಂಪು ಗೀಟು.

"ಮಾರ್ಗದರ್ಶಕರು ಮೊದಲು ಹೊಡೆದುಹಾಕಿದ್ದೇ ಇದನ್ನು. ಎಲ್ಲರೂ ನಕ್ಕರು, ವಸುಮತಿ. ನಿಮ್ಮ ಹೆಸರಿಗೆ ಯಾರೂ ನಗೋದು ನನಗೆ ಬೇಡ."

ಅವಳ ಕಣ್ಣು ತುಂಬಿತು. ಆದರೂ ಗದರಿದಳು.

"ನಗಲಿ ಬಿಡಿ! ನನ್ನ ಹೆಸರು, ನಾನೇ ಟೈಪ್ ಹೊಡೀತೀನಿ!"

ಹೊಸ ಅಧ್ಯಾಯವನ್ನೇ ಯಂತ್ರಕ್ಕೇರಿಸಿದಳು. ಟಕ್, ಟಕ್... ಅಡಿಟಿಪ್ಪಣಿಯಲ್ಲಿ ಮತ್ತೆ 'ವಸುಮತಿ' ಮೂಡಿತು.

"ಡಿಗ್ರಿ ಸಿಗದಿದ್ದರೆ... ನಿಮ್ಮಪ್ಪನನ್ನು ಯಾವ ಮುಖ ಹೊತ್ತು ಕೇಳಲಿ?"

"ಏನು ಕೇಳ್ತೀರಿ?"

"ನಿಮ್ಮನ್ನ!"

ಅವಳ ಬೆರಳು ನಿಂತಿತು.

"ಕೇಳಿ... ಫಲಕ ತಪ್ಪು ಅಂತ ಮಾತ್ರ ಹೇಳಬೇಡಿ."

"ಅದನ್ನೇ ಮೊದಲು ಹೇಳ್ತೀನಿ."

"ಒದೆ ಬಿದ್ದರೆ?"

"ಪಕ್ಕದಲ್ಲಿ ನೀವಿರ್ತೀರಲ್ಲ?"

"ಇರ್ತೀನಿ."

ಡಿಗ್ರಿ ಸಿಕ್ಕಿತೋ ಇಲ್ಲವೋ, ಆ ರಾಜರು ನಿಜವಾಗಿ ಜೊತೆಜೊತೆಗೇ ಆಳಿದರೋ, ನನಗೆ ಗೊತ್ತಿಲ್ಲ. ಅವಳು ಅವನ ಪಕ್ಕದಲ್ಲಿದ್ದದ್ದು ಮಾತ್ರ ಗೊತ್ತು.