ಅಮ್ಮ ನೋಡಿದ ದಿಲ್ಲಿ

"ಏನಂದ ಅವನು?" ಅತ್ತೆ ಸುಜಾತಾಳ ಭುಜ ತಿವಿದರು.

ಬಸ್ಸಿನ ಮುಂದುಗಡೆ ಗೈಡ್ ಮೈಕ್ ಹಿಡಿದು ನಿಂತಿದ್ದ. ಒಂದು ಮಾತು ಹಿಂದಿಯಲ್ಲಿ, ಅದೇ ಮಾತು ಮತ್ತೆ ಇಂಗ್ಲಿಷಿನಲ್ಲಿ. ದಿಲ್ಲಿ ನೋಡಲೆಂದು ಹಾಸನದಿಂದ ಬಂದಿದ್ದ ಅಪ್ಪನ ಅಕ್ಕ ಲೀಲಮ್ಮತ್ತೆಗೆ ಎರಡೂ ಬಾರದು. ಅದಕ್ಕೇ ಅವರ ಪಕ್ಕದ ಸೀಟು ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಸುಜಾತಾಳದು.

"ಇದು ರೆಡ್ ಫೋರ್ಟ್ ಅಂತೆ ಅತ್ತೆ. ಶಹಜಹಾನ್ ಬನಾಯಾ... ಅಲ್ಲ, ಕಟ್ಟಿಸಿದ್ದಂತೆ."

"ಚಲಿಯೇ, ಉತರಿಯೇ!" ಎಂದ ಗೈಡ್.

"ಉತ್ತರ ಕೇಳ್ತಾನಾ? ಪ್ರಶ್ನೆನೇ ಕೇಳಿಲ್ವಲ್ಲ."

"ಇಳೀರಿ ಅಂದ ಅತ್ತೆ," ಎಂದು ಸುಜಾತಾ ನಕ್ಕಳು. ಹಿಂದಿನ ಸೀಟಿನಲ್ಲಿದ್ದ ಅಮ್ಮನೂ ನಕ್ಕಳು. ಅಪ್ಪ, ಅತ್ತೆ, ಸುಜಾತಾ ಇಳಿದರು. ಅಮ್ಮ ಇಳಿಯಲಿಲ್ಲ. ಅವಳ ತೊಡೆಯ ಮೇಲೆ ದೊಡ್ಡ ಟಿಫಿನ್ ಕ್ಯಾರಿಯರ್ ಇತ್ತು.

ಅತ್ತೆ ಹೊರಗಿನದು ಏನೂ ಮುಟ್ಟುವುದಿಲ್ಲ. ಅಮ್ಮ ನಸುಕಿನಲ್ಲೇ ಸ್ನಾನ ಮಾಡಿ, ಮಡಿಯಲ್ಲಿ ಪುಳಿಯೋಗರೆ, ಮೊಸರನ್ನ ಮಾಡಿ ತುಂಬಿದ್ದಳು.

"ಬಸ್ಸಲ್ಲಿ ಪೂರ್ತಿ ಮಡಿ ಆಗೋದಿಲ್ಲ, ಸರಿ," ಎಂದಿದ್ದರು ಅತ್ತೆ. "ಕಂಡವರ ಕೈ ಸೋಕದಿದ್ರೆ ಸಾಕು."

ಕೆಳಗೆ ತೆಗೆದುಕೊಂಡು ಹೋದರೆ ನೂಕುನುಗ್ಗಲು. ಬಸ್ಸಲ್ಲೇ ಬಿಟ್ಟರೆ ಡ್ರೈವರ್, ಕ್ಲೀನರ್. ಹಾಗಾಗಿ ಕೋಟೆಯ ಹತ್ತಿರ ಅಮ್ಮ ಕೂತಳು. ರಾಜಘಾಟಿನಲ್ಲೂ ಕೂತಳು. ಇಂಡಿಯಾ ಗೇಟನ್ನು ಕಿಟಕಿಯಿಂದ ಅರ್ಧ ನೋಡಿದಳು. ಇನ್ನರ್ಧಕ್ಕೆ ಬೇರೊಂದು ಬಸ್ಸು ಅಡ್ಡ ನಿಂತಿತ್ತು.

ಪರವಾಗಿಲ್ಲ, ಕುತುಬ್ ಇದೆಯಲ್ಲ ಎಂದುಕೊಂಡಳು ಸುಜಾತಾ.

ಕುತುಬ್ ಮಿನಾರಿನ ಅಂಗಳದಲ್ಲಿ ಒಂದು ಕಬ್ಬಿಣದ ಕಂಬ. ಆಗಿನ್ನೂ ಅದರ ಸುತ್ತ ಬೇಲಿ ಇರಲಿಲ್ಲ. ಅದಕ್ಕೆ ಬೆನ್ನು ಕೊಟ್ಟು ನಿಂತು, ಕೈಗಳನ್ನು ಹಿಂದಕ್ಕೆ ಬಳಸಿ, ಬೆರಳುಗಳು ಕೂಡಿದರೆ ಬೇಡಿಕೊಂಡದ್ದು ಆಗುತ್ತದಂತೆ. ಪಕ್ಕದ ಕ್ವಾರ್ಟರ್ಸಿನ ಕೋಹ್ಲಿ ಆಂಟಿ ಹೇಳಿದ್ದು. "ಸರಲಾ, ನಿನ್ನ ಕೈ ಎಷ್ಟು ಉದ್ದ! ನಿನಗೆ ಖಂಡಿತ ಆಗುತ್ತೆ," ಎಂದೂ ಹೇಳಿದ್ದರು. ಅಮ್ಮನ ಸರಳಾ ಎಂಬ ಹೆಸರು ಅವರ ಬಾಯಲ್ಲಿ ಸರಲಾ. ಅಂದಿನಿಂದ ಅಮ್ಮನಿಗೆ ಅದೊಂದೇ ಆಸೆ.

"ಏನು ಬೇಡ್ಕೋತೀಯಮ್ಮ?" ಎಂದು ಹಿಂದಿನ ದಿನ ಸುಜಾತಾ ಕೇಳಿದ್ದಳು.

"ಹೇಳಿದ್ರೆ ಆಗೋದಿಲ್ಲ ಕಣೇ," ಎಂದಿದ್ದಳು ಅಮ್ಮ, ಹುಣಸೆಹಣ್ಣು ಕಿವುಚುತ್ತ.

ಬಸ್ಸು ಕುತುಬಿನಲ್ಲಿ ನಿಂತಿತು. ಗೈಡ್ ಮೈಕಿನಲ್ಲಿ ಕಂಬದ ಕತೆಯನ್ನೆಲ್ಲ ಹೇಳಿ ಮುಗಿಸಿದ. ಅಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಅತ್ತೆ, ಇಲ್ಲಿ ನಾನು ಕ್ಯಾರಿಯರ್ ಹಿಡ್ಕೋತೀನಿ. ಅಮ್ಮ ಹೋಗ್ಲಿ."

"ನೀನಾ? ಬೆಳಗ್ಗೆ ಬ್ರೆಡ್ ತಿಂದ ಕೈ ಅದು. ಆಮೇಲೆ ನಂಗೆ ಎಲ್ಲಾ ಹೇಳೋರು ಯಾರು?"

ಸುಜಾತಾ ಅಪ್ಪನ ಕಡೆ ತಿರುಗಿದಳು. "ಅಪ್ಪ, ನೀವು ಕೂತ್ಕೋತೀರಾ? ಪ್ಲೀಸ್."

ಅಪ್ಪ ಆಫೀಸಿನ ಗೆಳೆಯರಿಂದ ತಂದಿದ್ದ ಕ್ಯಾಮೆರಾ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. "ನಿಮ್ಮಮ್ಮ ಇಲ್ಲೇ ಇರೋಳಲ್ವಾ? ಯಾವಾಗ ಬೇಕಾದ್ರೂ ನೋಡ್ತಾಳೆ. ಅಕ್ಕ ಮತ್ತೆ ಮತ್ತೆ ಬರ್ತಾರಾ?"

ಅಮ್ಮ ಮತ್ತೆ ಸೀಟಿಗೆ ಒರಗಿದಳು. "ಹೋಗು ಸುಜಿ. ನಾನು ಇಲ್ಲೇ ಇರೋಳು."

ಸುಜಾತಾ ಹುಟ್ಟುವ ಮೊದಲಿನಿಂದಲೂ ಅಮ್ಮ ಇಲ್ಲೇ ಇದ್ದಳು. ಹಾಲಿನ ಬೂತ್, ರೇಷನ್ ಅಂಗಡಿ, ಸ್ಕೂಲಿನ ಗೇಟು. ಅದರಾಚೆ ಅವಳು ಹೋದದ್ದು ಸುಜಾತಾಳಿಗೆ ನೆನಪಿಲ್ಲ.

ಕಂಬದ ಹತ್ತಿರ ಕ್ಯೂ ಇತ್ತು. ಅಪ್ಪ ಬೆನ್ನು ಕೊಟ್ಟು ನಿಂತು, ಉಸಿರು ಬಿಗಿಹಿಡಿದು ಕೈ ಬಳಸಿದರು. ಬೆರಳುಗಳು ಕೂಡಿದವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

"ಏನು ಬೇಡ್ಕೊಂಡ್ಯೋ?" ಅತ್ತೆ ಕೇಳಿದರು.

"ಇನ್ನೇನು, ಪ್ರಮೋಷನ್."

ಸುಜಾತಾ ಚಪ್ಪಾಳೆ ತಟ್ಟಲಿಲ್ಲ. ಅಲ್ಲಿಂದ ಬಸ್ಸು ಕಾಣುತ್ತದೆಯೇ ಎಂದು ನೋಡಿದಳು. ಕಾಣಲಿಲ್ಲ.

ಗೇಟಿನ ಹೊರಗೆ ಕುಲ್ಫಿಯವನಿದ್ದ. ಅತ್ತೆ ನಿಂತರು. "ಇದು ಬರೀ ಹಾಲಿಂದಲ್ವಾ? ಹಾಲಿಗೆ ಮೈಲಿಗೆ ಇಲ್ಲ." ಒಂದು ತಿಂದರು. ಚೆನ್ನಾಗಿದೆ ಎಂದು ಇನ್ನೊಂದು ತಿಂದರು.

ಬಸ್ಸಿನಲ್ಲಿ ಅಮ್ಮ ಕ್ಯಾರಿಯರ್ ಬಿಚ್ಚಿ ಕಾಯುತ್ತಿದ್ದಳು.

"ಈಗ ಬೇಡ ಸರಳಾ. ಹೊಟ್ಟೆ ಭಾರ ಆಗಿದೆ," ಎಂದರು ಅತ್ತೆ.

"ಮನೆಗೆ ಹೋಗೇ ತಿನ್ನೋಣ ಬಿಡು," ಎಂದರು ಅಪ್ಪ.

ಅಮ್ಮ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ಕೊಂಡಿ ಒತ್ತಿದಳು. ಟಕ್ ಎಂದಿತು.

ಸಂಜೆ ಅಮ್ಮ ಹಿತ್ತಲ ನಲ್ಲಿಯಲ್ಲಿ ಕ್ಯಾರಿಯರ್ ತೊಳೆಯುತ್ತಿದ್ದಳು. ಮೊಸರನ್ನ ಹುಳಿ ಬಂದಿತ್ತು. ಗೋಡೆಯಾಚೆಯಿಂದ ಕೋಹ್ಲಿ ಆಂಟಿ ಇಣುಕಿ, ಹೇಗಿತ್ತೆಂದು ಕೇಳಿದರು. "ಸರಲಾ, ಕೈಸಾ ಲಗಾ?"

"ಬಹುತ್ ಅಚ್ಛಾ," ಎಂದಳು ಅಮ್ಮ. ತನ್ನ ಹರಕು ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದಳು. ಮಿನಾರು ಎಷ್ಟು ಎತ್ತರ, ಅಷ್ಟು ಹಳೆಯ ಕಂಬಕ್ಕೆ ಮಳೆಯಲ್ಲಿ ನಿಂತರೂ ಹೇಗೆ ತುಕ್ಕು ಹಿಡಿದಿಲ್ಲ.

ಸುಜಾತಾ ಬಾಗಿಲಲ್ಲೇ ನಿಂತಳು. ಒಂದೊಂದು ಮಾತೂ ಗೈಡ್ ಬಸ್ಸಿನೊಳಗೆ ಹೇಳಿದ್ದು. ಅವನು ಎಳೆದು ಹೇಳಿದ ಕಡೆ ಅಮ್ಮನೂ ಎಳೆಯುತ್ತಿದ್ದಳು.

"ಔರ್ ಹಾಥ್ ಮಿಲೇ?" ಕೈ ಕೂಡಿದವಾ ಎಂದು ಆಂಟಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ತೋರಿಸಿದರು.

ಅಮ್ಮ ತೊಳೆದ ಡಬ್ಬಿಯನ್ನೇ ಮತ್ತೆ ತೊಳೆದಳು.

"ನಹೀಂ ಬೆಹೆನ್‌ಜೀ. ಥೋಡಾ ಸಾ ರಹ್ ಗಯಾ."

ಸ್ವಲ್ಪದರಲ್ಲಿ ತಪ್ಪಿತು ಎಂದಳು. ಸುಜಾತಾ ಏನೋ ಹೇಳಲು ಬಾಯಿ ತೆರೆದಳು. ಅಮ್ಮ ತಲೆಯೆತ್ತಿ ಅವಳನ್ನು ನೋಡಿದಳು. ಸುಜಾತಾ ಬಾಯಿ ಮುಚ್ಚಿದಳು.

ಒಳಗಿನಿಂದ ಅತ್ತೆ ಕೂಗಿದರು. "ಸುಜೀ, ಏನಂತಿದಾಳೆ ನಿಮ್ಮಮ್ಮ?"

ಬೆಳಗಿನಿಂದ ಒಂದು ಮಾತೂ ಬಿಡದೆ ಅತ್ತೆಗೆ ಕನ್ನಡದಲ್ಲಿ ಹೇಳಿದ್ದ ಸುಜಾತಾ, ಒದ್ದೆ ಡಬ್ಬಿಯನ್ನು ಅಮ್ಮನ ಕೈಯಿಂದ ತೆಗೆದುಕೊಂಡಳು.

"ಏನೂ ಇಲ್ಲ ಅತ್ತೆ."