ಮುದಿ ಇಲಿಗಳ ಲಿವರ್

"ಕೆಳಗಿನ ಚಿತ್ರ ಮಡಚಿಬಿಡು ಬೆರ್ಮೆತ್. ಮೇಲಿಂದು ಸಾಕು," ಎಂದರು ಕಲೀಚಾ ಟೀಚರ್.

ಚಾರ್ಟಿನಲ್ಲಿ ಇದ್ದದ್ದೇ ಎರಡು ಚಿತ್ರ. ಬೆರ್ಮೆತ್‌ಳ ಅಮ್ಮ ಬಿಶ್ಕೆಕ್‌ನ ಒಂದು ಲ್ಯಾಬಿನಲ್ಲಿ ಮುದಿ ಇಲಿಗಳಿಗೆ ಚಿಚಿರ್ಕನಕ್ ಎಂಬ ಮುಳ್ಳುಗಿಡದ ಹಣ್ಣಿನ ಎಣ್ಣೆ ತಿನ್ನಿಸಿ, ಆಮೇಲೆ ಅವುಗಳ ಅಂಗಗಳಲ್ಲಿ ಎಷ್ಟು ಕೊಬ್ಬಿದೆ ಎಂದು ನೋಡಿದ್ದರು. ಹೃದಯದಲ್ಲಿ ಕಡಿಮೆಯಾಗಿತ್ತು. ಲಿವರ್‌ನಲ್ಲಿ ಜಾಸ್ತಿಯಾಗಿತ್ತು. ಬೆರ್ಮೆತ್ ಎರಡನ್ನೂ ಬರೆದು, ಕೊಬ್ಬಿಗೆಂದು ಹಳದಿ ಚುಕ್ಕೆ ಇಟ್ಟಿದ್ದಳು.

ಆದರೆ ಶಾಲೆಯ ವಿಜ್ಞಾನ ದಿನಕ್ಕೆ ಅತಿಥಿಯಾಗಿ ಬಂದಿದ್ದ ದುಯ್ಶನ್ ಬೈಕೆ, ಅಂದರೆ ಎಲ್ಲರ ದುಯ್ಶನ್ ಅಣ್ಣ, ಬಜಾರಿನಲ್ಲಿ ಮಾರುತ್ತಿದ್ದದ್ದು ಅದೇ ಎಣ್ಣೆ. ಬಹುಮಾನಗಳನ್ನು ಕೊಡುವವರೂ ಅವರೇ. ಒಂದು ಚಿತ್ರ ತೋರಿಸದಿದ್ದರೆ ಅದೇನೂ ಸುಳ್ಳಾಗುವುದಿಲ್ಲ ಎಂದು ಟೀಚರ್ ಸಮಾಧಾನ ಹೇಳಿದರು. ಬೆರ್ಮೆತ್ ತುಟಿ ಕಚ್ಚಿ ಚಾರ್ಟ್ ಮಡಚಿ ಪಿನ್ ಚುಚ್ಚಿದಳು.

ವೇದಿಕೆಯ ಮೇಲೆ ಅವಳು ಹೃದಯದ ವಿಷಯ ಹೇಳಿ ಮುಗಿಸಿದಾಗ ಜೋರು ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅವಳ ಅಜ್ಜಿ ಹೆಮ್ಮೆಯಿಂದ ಪಕ್ಕದವಳನ್ನು ತಿವಿದಳು. ಅಜ್ಜಿ ದಿನಾ ಬೆಳಿಗ್ಗೆ ಒಂದು ಚಮಚ ಆ ಎಣ್ಣೆ ಕುಡಿಯುವವಳು.

"ಕೇಳಿದ್ಯಾ? ನಾಳೆಯಿಂದ ನಾನು ಎರಡು ಚಮಚ ಕುಡೀತೀನಿ."

ಆ ಮಾತು ವೇದಿಕೆಯವರೆಗೂ ಕೇಳಿಸಿತು. ಬೆರ್ಮೆತ್ ತಿರುಗಿ ಪಿನ್ ಕಿತ್ತಳು. ಲಿವರ್‌ನ ಚಿತ್ರ ತೆರೆದುಕೊಂಡಿತು.

"ಇನ್ನೂ ಮುಗ್ದಿಲ್ಲ," ಎಂದು ಅದನ್ನೂ ವಿವರಿಸಿದಳು. ಟೀಚರ್ ಕೆಳಗಿಳಿ ಎಂದು ಕೈಸನ್ನೆ ಮಾಡಿದರೂ ಇಳಿಯಲಿಲ್ಲ.

ದುಯ್ಶನ್ ಬೈಕೆ ನಕ್ಕರು. "ಅಲ್ಲಮ್ಮಾ ಪುಟ್ಟಿ, ಇಲಿ ಬೇರೆ, ಮನುಷ್ಯರು ಬೇರೆ."

"ಹಾಗಾದ್ರೆ ಹೃದಯದ ಚಿತ್ರಾನೂ ತೆಗೆದುಬಿಡ್ತೀನಿ ಬೈಕೆ. ಅದೂ ಇಲೀದೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದುಯ್ಶನ್ ಬೈಕೆಯ ನಗು ಆರಿಹೋಯಿತು.

ಬಹುಮಾನ ಬೇರೆಯವರಿಗೆ ಹೋಯಿತು. ಟೀಚರ್ ಅವಳ ಕಡೆ ನೋಡಲಿಲ್ಲ. ಅಜ್ಜಿಯಂತೂ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಗೆಳತಿಯರೆದುರು ತನ್ನ ಮರ್ಯಾದೆ ತೆಗೆದಳಂತೆ ಮೊಮ್ಮಗಳು. ಬೆರ್ಮೆತ್ ಕ್ಷಮೆ ಕೇಳಲಿಲ್ಲ.

ಮನೆಗೆ ಬಂದು ಚಹಾ ಬಗ್ಗಿಸುವಾಗ ಅಜ್ಜಿಯೇ ಬಾಯಿಬಿಟ್ಟಳು.

"ಆ ಇಲಿಗಳಿಗೆ ಎಷ್ಟು ವಯಸ್ಸು?"

"ಎರಡು ವರ್ಷ ಅಪಾ," ಎಂದಳು ಬೆರ್ಮೆತ್. ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

"ಎರಡು ವರ್ಷಕ್ಕೇ ಮುದುಕಿಯರಾ? ಪಾಪ." ಅಜ್ಜಿ ಬಟ್ಟಲನ್ನು ಅವಳ ಕಡೆ ಸರಿಸಿದಳು. "ಸರಿ, ಎಲ್ಲಾ ತಿಳಿದವಳಲ್ಲವಾ ನೀನು. ನಾನೀಗ ಅದನ್ನ ಕುಡೀಲೋ ಬಿಡಲೋ?"

ಬೆರ್ಮೆತ್ ಬಾಯಿ ತೆರೆದಳು. ಬಿಟ್ಟುಬಿಡು ಎನ್ನುವುದು ಬಹಳ ಸುಲಭವಾಗಿತ್ತು.

"ನಂಗೊತ್ತಿಲ್ಲ ಅಪಾ. ಅಮ್ಮಂಗೂ ಇನ್ನೂ ಗೊತ್ತಿಲ್ಲ."

ಅಷ್ಟು ಜನರೆದುರು ನಿಂತಾಗ ನಡುಗದ ಅವಳ ದನಿ ಈಗ ನಡುಗಿತು. ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, ಕೂರಲು ಜಾಗ ಬಿಟ್ಟಳು.