ಹನ್ನೊಂದನೇ ಓಕ್ ಮರ

"ಯಾರ್ರೀ ಇದನ್ನ ಕಡಿದಿದ್ದು?!"

ಸಂಶೋಧಕಿ ದಾನ್ಬಿಯ ಕೂಗಿಗೆ ಕೊರಿಯಾದ ಗಾಂಗ್ವೊನ್ ಬೆಟ್ಟದಲ್ಲಿ ರೋಗದ ಮರ ಕಡಿಯುತ್ತಿದ್ದ ಕೆಲಸಗಾರರೆಲ್ಲ ಗರಗಸ ನಿಲ್ಲಿಸಿದರು. ಅವಳ ಹನ್ನೊಂದನೇ ಓಕ್ ಮರ ನೆಲಕ್ಕುರುಳಿತ್ತು.

ಮೂರು ವರ್ಷ! ಮರ ಕೊರೆಯುವ ದುಂಬಿ ಮೈಮೇಲೆ ಹೊತ್ತು ತರುವ ಬೂಸ್ಟಿಗೆ ಸುತ್ತಲಿನ ಓಕ್‌ಗಳೆಲ್ಲ ಒಣಗಿದರೂ ಇದೊಂದು ಪ್ರತಿ ಬೇಸಿಗೆಯಲ್ಲೂ ಹಸಿರಾಗಿ ನಿಂತಿತ್ತು. ಇದರೊಳಗಿನ ಬೇರೆ ಬೂಸ್ಟುಗಳೇ ಇದನ್ನು ಕಾಯುತ್ತಿವೆ ಎಂಬುದು ಅವಳ ನಂಬಿಕೆ. ಅದನ್ನು ತೋರಿಸಿಕೊಡಲು ಉಳಿದಿದ್ದದ್ದು ಇದೊಂದೇ ಮರ.

"ನಾನೇ ಕಡಿದಿದ್ದು," ಎಂದ ಮೇಸ್ತ್ರಿ ಮುನ್‌ಸು.

"ನೀವಾ? ಕಣ್ಣು ಎಲ್ಲಿಟ್ಟಿದ್ರಿ?"

"ಕೆಂಪು ಪಟ್ಟಿ ಇತ್ತು ಮೇಡಂ. ಕೆಂಪು ಅಂದ್ರೆ ಕಡಿಯೋದು. ನಿಮ್ಮದು ಬಿಳಿ. ಚಿಗುರೋಕೆ ಮುಂಚೆ ಎಲ್ಲಾ ಮರಾನೂ ಒಂದೇ ಥರ ಕಾಣುತ್ವೆ."

ದಾನ್ಬಿ ನಾಲಿಗೆ ಕಚ್ಚಿಕೊಂಡಳು. ಹೋದ ವಾರ ಬಿಳಿ ಪಟ್ಟಿ ಮುಗಿದಾಗ, ಚೀಲದಲ್ಲಿ ಸಿಕ್ಕ ಕೆಂಪನ್ನೇ ಕಟ್ಟಿ ಹೋದವಳು ಅವಳೇ! ತಪ್ಪು ತನ್ನದೆಂದು ತಿಳಿದರೆ ಸಿಟ್ಟು ಇಳಿಯುತ್ತದೆಯೇ? ಇನ್ನೂ ಏರಿತು.

"ನಂಬರ್ ಬರೆದಿತ್ತಲ್ಲಾ, ಓದೋಕೆ ಬರಲ್ವಾ?"

"ಹಿಂದುಗಡೆ ಇತ್ತು, ಬಿದ್ಮೇಲೆ ಕಾಣಿಸ್ತು. ಬೆಳಿಗ್ಗೆಯಿಂದ ಆರು ಸಲ ಫೋನ್ ಮಾಡ್ದೆ. ಎತ್ತಿದ್ರಾ?"

ಎತ್ತಿರಲಿಲ್ಲ. ಅವನ ಹೆಸರು ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು... ಆ ಸಿಟ್ಟೂ ಅವನ ಮೇಲೆಯೇ!

"ಇನ್ನೇನು, ಔಷಧಿ ಸುರಿದು ಟಾರ್ಪಾಲ್ ಮುಚ್ಚಿಬಿಡಿ. ದುಂಬಿ ಜೊತೆ ನನ್ನ ಬೂಸ್ಟೂ ಸಾಯ್ಲಿ!" ಕಣ್ಣೀರು ಉಕ್ಕಿ ಬಂತು.

"ಸುರಿದಿಲ್ಲ!" ಅವನ ದನಿಯೂ ಏರಿತು. "ಮಧ್ಯಾಹ್ನದೊಳಗೆ ಮುಚ್ಚದಿದ್ರೆ ಕೆಲಸದಿಂದ ತೆಗಿತೀವಿ ಅಂದ್ರು ಮೇಲಿನವರು. ತೆಗೀರಿ ಅಂದೆ. ದಾನ್ಬಿ ಮೇಡಂ ಬಂದು ಬೇಕಾದ್ದು ಕೊಯ್ಕೊಳ್ಳೋವರೆಗೂ ಈ ದಿಮ್ಮಿ ಯಾರೂ ಮುಟ್ಟಬಾರ್ದು ಅಂದೆ. ಊಟಕ್ಕೆ ತಂದ ಕಿಂಬಾಪ್ ಕೂಡ ಬಿಚ್ಚದೆ ಇದ್ರ ಮೇಲೇ ಕೂತಿದೀನಿ!"

ದಾನ್ಬಿ ಕಣ್ಣೊರೆಸಿಕೊಂಡು ಮಾದರಿ ತುಂಬುವ ಚೀಲಗಳನ್ನು ಹೊರತೆಗೆದಳು.

ಅವನು ದಿಮ್ಮಿಯನ್ನು ಬಿಲ್ಲೆಗಳಾಗಿ ಕೊಯ್ದ, ಅವಳು ಒಂದೊಂದನ್ನೂ ಚೀಲಕ್ಕೆ ಹಾಕಿ ಬಿಗಿದಳು. ದುಂಬಿ ಕೊರೆದು ಹೋದ ಕಪ್ಪು ಗೆರೆ ಬೆರಳುದ್ದಕ್ಕೇ ನಿಂತಿತ್ತು, ರೋಗ ಹರಡದೆ ಒಳಗಿನ ಮರ ಬೆಳ್ಳಗಿತ್ತು. ಮೂರು ವರ್ಷದ ಕೆಲಸ ಉಳಿದುಕೊಂಡಿತು.

"ಒಂದು ಮರಕ್ಕೋಸ್ಕರ ಕೆಲಸ ಕಳ್ಕೊಳ್ತಿದ್ರಾ? ತಲೆ ಕೆಟ್ಟಿದ್ಯಾ ನಿಮಗೆ?"

"ಮರಕ್ಕೋಸ್ಕರ ಅಂತ ಯಾರು ಹೇಳಿದ್ರು?"

ದಾನ್ಬಿ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ಮೂರು ವರ್ಷದಿಂದ ಇದನ್ನ ಹೇಳೋಕೆ ಬಾಯಿರ್ಲಿಲ್ವಾ?"

"ನೀವು ಬೈಯೋದು ನಿಲ್ಲಿಸಿದ್ರೆ ತಾನೇ!"

"ನಿಲ್ಲಿಸಲ್ಲ!"

"ಮದುವೆ ಆದ್ಮೇಲೂ?" ಮೆಲ್ಲಗೆ ಕೇಳಿದ ಮುನ್‌ಸು.

"ಆದ್ಮೇಲೆ... ಇನ್ನೂ ಜಾಸ್ತಿ!" ಎನ್ನುತ್ತಲೇ ದಾನ್ಬಿ ಮರದ ಹೊಟ್ಟು ಮೆತ್ತಿದ ಅವನ ಕೈ ಹಿಡಿದಳು.